‘ದೇಶದ ಮಹಾನ್ ವ್ಯಕ್ತಿ’ ಪಟ್ಟಿ: ಏನಿದು, ಇದನ್ನು ಹೇಗೆ ಓದಬೇಕು?

ರಾಜರು, ಕವಿಗಳು, ವಿಜ್ಞಾನಿಗಳು, ಹಾಡುಗಾರರು, ಆಟಗಾರರು. ಒಂದು ದೇಶದ ಇತಿಹಾಸದಲ್ಲಿ ಹೆಸರು ಮಾಡಿದ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಜನರಿಂದ ವೋಟು ಹಾಕಿಸಿ, ಮೊದಲನೆಯವರು ಯಾರು, ಎರಡನೆಯವರು ಯಾರು ಎಂದು ನಂಬರ್ ಕೊಡುವ ಪಟ್ಟಿಗೆ ‘ಮಹಾನ್ ವ್ಯಕ್ತಿಗಳ ಪಟ್ಟಿ’ ಅಥವಾ ‘ಗ್ರೇಟೆಸ್ಟ್ ಪೋಲ್’ ಅನ್ನುತ್ತಾರೆ. ತಿಳಿದವರು ಕೂತು ಮಾಡುವ ಪಟ್ಟಿಗಳು ಮೊದಲಿಂದಲೂ ಇದ್ದವು. ಟಿವಿ ನೋಡುವ ಜನರೇ ಆರಿಸುವ ಈ ರೂಪ ಜನಪ್ರಿಯವಾದದ್ದು 2002ರಲ್ಲಿ, ಬಿಬಿಸಿ ನೂರು ಮಹಾನ್ ಬ್ರಿಟನ್ನರನ್ನು ಆರಿಸಲು ಹೊರಟಾಗ.

ಅದರ ಕ್ರಮ ಸರಳ. ಮೊದಲು ಜನರು ತಮಗೆ ತೋಚಿದ ಹೆಸರು ಕಳಿಸುತ್ತಾರೆ. ಅದರಿಂದ ನೂರು ಹೆಸರಿನ ಪಟ್ಟಿ ತಯಾರಾಗುತ್ತದೆ. ಮೇಲಿನ ಹತ್ತು ಮಂದಿಯ ಬಗ್ಗೆ ಒಂದೊಂದು ಕಾರ್ಯಕ್ರಮ ಬರುತ್ತದೆ. ಪ್ರತಿಯೊಬ್ಬರ ಪರವಾಗಿ ಒಬ್ಬ ಹೆಸರಾಂತ ವ್ಯಕ್ತಿ ವಾದ ಮಾಡುತ್ತಾರೆ. ಆಮೇಲೆ ಫೋನ್, ಇಂಟರ್ನೆಟ್ ಮೂಲಕ ಕೊನೆಯ ವೋಟು.

ಬ್ರಿಟನ್ನಿನಲ್ಲಿ ವಿನ್‌ಸ್ಟನ್ ಚರ್ಚಿಲ್ ಗೆದ್ದರು. ಅದು ಯಾರಿಗೂ ಆಶ್ಚರ್ಯ ಅನ್ನಿಸಲಿಲ್ಲ. ನೋಡಬೇಕಾದದ್ದು ಎರಡನೇ ಹೆಸರು: ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ಲಂಡನ್ನಿನಿಂದ ಬ್ರಿಸ್ಟಲ್‌ಗೆ ರೈಲು ಮಾರ್ಗ ಹಾಕಿದ, ದೊಡ್ಡ ಕಬ್ಬಿಣದ ಹಡಗು ಕಟ್ಟಿದ 19ನೇ ಶತಮಾನದ ಎಂಜಿನಿಯರ್. ಡಾರ್ವಿನ್, ಶೇಕ್ಸ್‌ಪಿಯರ್, ನ್ಯೂಟನ್ ಮೂವರೂ ಇವರ ಹಿಂದೆ. ಚರ್ಚಿಲ್‌ಗೆ ಸುಮಾರು ನಾಲ್ಕೂವರೆ ಲಕ್ಷ ವೋಟು ಬಂದರೆ, ಬ್ರುನೆಲ್‌ಗೆ ಹತ್ತಿರಹತ್ತಿರ ನಾಲ್ಕು ಲಕ್ಷ. ಹೇಗೆ ಸಾಧ್ಯವಾಯಿತು? ಅವರ ಪರ ವಾದ ಮಾಡಿದ್ದು ಕಾರು ಕಾರ್ಯಕ್ರಮದಿಂದ ಮನೆಮಾತಾಗಿದ್ದ ಜೆರೆಮಿ ಕ್ಲಾರ್ಕ್‌ಸನ್. ಜೊತೆಗೆ ಬ್ರುನೆಲ್ ಹೆಸರಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಟ್ಟು ಹಿಡಿದು ಪ್ರಚಾರ ಮಾಡಿದರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಸೇತುವೆ, ಸುರಂಗ ಕಟ್ಟಿದವರ ಬಗ್ಗೆ ಒಂದು ದೇಶ ಕೂತು ಮಾತಾಡಿತಲ್ಲ, ಅದು ಒಳ್ಳೆಯದೇ. ಆದರೆ ಒಳ್ಳೆಯ ವಕೀಲ ಸಿಕ್ಕರೆ ರ‍್ಯಾಂಕ್ ಮೇಲೇರುತ್ತದೆ ಅನ್ನುವುದು ಆಗಲೇ ಗೊತ್ತಾಯಿತು.

ಕಾರ್ಯಕ್ರಮ ಹಿಟ್ ಆಯಿತು. ಬೇರೆ ಬೇರೆ ದೇಶಗಳು ಅದೇ ಮಾದರಿ ಹಿಡಿದವು. ಜರ್ಮನಿಯಲ್ಲಿ 2003ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಕೊನ್ರಾಡ್ ಅಡೆನಾವರ್, ಕೆನಡಾದಲ್ಲಿ 2004ರಲ್ಲಿ ರಾಜಕಾರಣಿ ಟಾಮಿ ಡಗ್ಲಸ್, ಫ್ರಾನ್ಸಿನಲ್ಲಿ 2005ರಲ್ಲಿ ಮಾಜಿ ಅಧ್ಯಕ್ಷ ಡಿ ಗಾಲ್ ಗೆದ್ದರು. ಹಾಗೆಯೇ ತಕರಾರುಗಳೂ ಶುರುವಾದವು. ಯಾರು ‘ನಮ್ಮವರು’ ಅನ್ನುವುದೇ ಮೊದಲ ತಕರಾರು. ಜರ್ಮನಿಯ ಪಟ್ಟಿಯಲ್ಲಿ ಸಂಗೀತಗಾರ ಮೊಜಾರ್ಟ್ ಹೆಸರು ಕಂಡಾಗ ಆಸ್ಟ್ರಿಯಾದವರು ಸಿಟ್ಟಾದರು. ಟೆಲಿಫೋನಿನ ಗ್ರಹಾಂ ಬೆಲ್ ಬ್ರಿಟನ್ನಿನ ಪಟ್ಟಿಯಲ್ಲೂ ಇದ್ದಾರೆ, ಕೆನಡಾದ ಮೊದಲ ಹತ್ತರಲ್ಲೂ ಇದ್ದಾರೆ. ಇನ್ನು ಯಾರನ್ನು ಸೇರಿಸಲೇಬಾರದು ಅನ್ನುವ ಪ್ರಶ್ನೆ. ಜರ್ಮನಿಯವರು ನಾಜಿ ನಾಯಕರಿಗೆ ವೋಟೇ ಇಲ್ಲ ಎಂದು ಮೊದಲೇ ನಿಯಮ ಮಾಡಿದರು. ಜೆಕ್ ದೇಶದಲ್ಲಿ ಬೇರೆಯದೇ ಸಮಸ್ಯೆ. ಅಲ್ಲಿನ ಜನ ಯಾರಾ ಸಿಮ್ರ್‌ಮನ್ ಅನ್ನುವ ಹೆಸರಿಗೆ ವೋಟು ಸುರಿದರು. ಆತ ನಾಟಕ, ರೇಡಿಯೊದಲ್ಲಿ ಹುಟ್ಟಿದ ಕಾಲ್ಪನಿಕ ಪಾತ್ರ! ನಿಜವಾಗಿ ಬದುಕಿದ್ದವರು ಮಾತ್ರ ಎಂಬ ನಿಯಮ ಇದ್ದದ್ದರಿಂದ ಅವನನ್ನು ಕೈಬಿಟ್ಟರು. ರಾಜ ನಾಲ್ಕನೇ ಕಾರೆಲ್ ಗೆದ್ದ.

ದಕ್ಷಿಣ ಆಫ್ರಿಕಾದಲ್ಲಿ ವಿಷಯ ಗಂಭೀರವಾಯಿತು. 2004ರಲ್ಲಿ ಮಂಡೇಲಾ ಮೊದಲನೆಯವರಾದರು. ಆದರೆ ಅದೇ ಪಟ್ಟಿಯ 19ನೇ ಸ್ಥಾನದಲ್ಲಿ ಹೆಂಡ್ರಿಕ್ ವೆರ್ವೂರ್ಡ್, ಅಂದರೆ ವರ್ಣಭೇದ ನೀತಿಯನ್ನು ಗಟ್ಟಿಯಾಗಿ ಕಟ್ಟಿದ ಪ್ರಧಾನಿ. ಗಲಾಟೆ ಎದ್ದು, ಟಿವಿಯವರು ಕಾರ್ಯಕ್ರಮವನ್ನೇ ನಿಲ್ಲಿಸಿದರು.

ಪೋರ್ಚುಗಲ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2007ರಲ್ಲಿ ಅಲ್ಲಿ ಗೆದ್ದದ್ದು ಅಂಟೋನಿಯೊ ಸಲಾಜಾರ್. 1932ರಿಂದ 1968ರವರೆಗೆ ದೇಶ ಆಳಿದ ಸರ್ವಾಧಿಕಾರಿ. ಫೋನ್ ಮಾಡಿದವರಲ್ಲಿ ಶೇ 41ರಷ್ಟು ಮಂದಿ ಅವರಿಗೆ ವೋಟು ಹಾಕಿದರು. ಎರಡನೆಯವರು ಆಲ್ವಾರೊ ಕುನ್ಯಾಲ್, ಕಮ್ಯುನಿಸ್ಟ್ ನಾಯಕ. ಸಲಾಜಾರ್ ಆಡಳಿತ ಇವರನ್ನು ವರ್ಷಗಟ್ಟಲೆ ಜೈಲಿನಲ್ಲಿಟ್ಟಿತ್ತು. 1960ರಲ್ಲಿ ಇವರು ಪೆನಿಶ್ ಕೋಟೆಯ ಜೈಲಿನಿಂದ ತಪ್ಪಿಸಿಕೊಂಡರು. ಮೂರನೆಯವರು ಅರಿಸ್ಟಿಡೆಸ್ ಡಿ ಸೋಸಾ ಮೆಂಡೆಸ್. 1940ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ ಪೋರ್ಚುಗಲ್ಲಿನ ಕಾನ್ಸುಲ್, ಅಂದರೆ ವಿದೇಶದ ಊರಿನಲ್ಲಿ ತನ್ನ ದೇಶದ ಪ್ರತಿನಿಧಿ ಅಧಿಕಾರಿ, ಆಗಿದ್ದವರು. ನಾಜಿ ಸೇನೆಗೆ ಹೆದರಿ ಓಡಿಬಂದ ಯಹೂದಿಗಳಿಗೂ ಇತರರಿಗೂ, ಸಲಾಜಾರ್ ಸರ್ಕಾರದ ಆದೇಶ ಮೀರಿ, ಸಾವಿರಾರು ವೀಸಾ ಬರೆದುಕೊಟ್ಟರು. ಅದಕ್ಕಾಗಿ ಸರ್ಕಾರ ಶಿಕ್ಷೆ ಕೊಟ್ಟಿತು, ಅವರ ವೃತ್ತಿ ಮುಗಿಯಿತು. 1954ರಲ್ಲಿ ಬಡತನದಲ್ಲೇ ತೀರಿಕೊಂಡರು.

ಒಬ್ಬ ಸರ್ವಾಧಿಕಾರಿ, ಅವನ ಕೈದಿ, ಅವನು ಶಿಕ್ಷಿಸಿದ ಅಧಿಕಾರಿ. ಮೂವರೂ ಒಂದೇ ಪಟ್ಟಿಯ ತುದಿಯಲ್ಲಿ! ಪೋರ್ಚುಗಲ್ ಜನ ಸರ್ವಾಧಿಕಾರವನ್ನು ಬಯಸಿದರು ಎಂದು ಇದನ್ನು ಓದಿದರೆ ತಪ್ಪಾಗುತ್ತದೆ. ಫೋನ್ ಎತ್ತಿ ವೋಟು ಹಾಕುವಷ್ಟು ಹಟ ಇದ್ದವರು ಎರಡೂ ಕಡೆ ಇದ್ದರು, ಇವರು ಅವರನ್ನು ಸೋಲಿಸಲು, ಅವರು ಇವರನ್ನು ಸೋಲಿಸಲು. ಸುಮ್ನೆ ಮನೆಯಲ್ಲಿ ಕೂತವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಇಂಥ ಎಣಿಕೆಗೆ ಸಿಗುವುದೇ ಇಲ್ಲ. ಈ ಪಟ್ಟಿಗಳ ಬಗ್ಗೆ ತಿಳಿಯಬೇಕಾದ ಮುಖ್ಯ ಮಾತು ಇದೇ ಅಂತ ನನ್ನ ನಂಬಿಕೆ: ಸತ್ತವರ ದೊಡ್ಡತನಕ್ಕಿಂತ, ವೋಟು ಹಾಕಿದ ದಿನ ಬದುಕಿದ್ದವರ ಜಗಳ ಇಲ್ಲಿ ಜಾಸ್ತಿ ಕಾಣಿಸುತ್ತದೆ.

ನೆದರ್ಲೆಂಡ್ಸ್‌ನಲ್ಲೂ ಹಾಗೆಯೇ. 2004ರಲ್ಲಿ ಪಿಮ್ ಫೋರ್ಟೈನ್ ಗೆದ್ದರೆಂದು ಘೋಷಿಸಿದರು. ಎರಡೇ ವರ್ಷದ ಹಿಂದೆ ಕೊಲೆಯಾಗಿದ್ದ ರಾಜಕಾರಣಿ ಅವರು, ಗಾಯ ಇನ್ನೂ ಹಸಿಯಾಗಿತ್ತು. ಆಮೇಲೆ ನೋಡಿದರೆ, ಸಮಯಕ್ಕೆ ಸರಿಯಾಗಿ ಎಣಿಕೆಯಾಗದ ವೋಟುಗಳನ್ನೂ ಸೇರಿಸಿದಾಗ ಸ್ಪೇನ್ ಆಳ್ವಿಕೆಯ ವಿರುದ್ಧ ಹೋರಾಟ ನಡೆಸಿದ 16ನೇ ಶತಮಾನದ ನಾಯಕ ವಿಲಿಯಂ ಆಫ್ ಆರೆಂಜ್ ಮುಂದಿದ್ದರು. ಆದರೂ ಫಲಿತಾಂಶ ಬದಲಾಗಲಿಲ್ಲ.

ಇದೊಂದೇ ವಿಧಾನ ಅಲ್ಲ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಅಮೆರಿಕದ ಗ್ಯಾಲಪ್ ಸಂಸ್ಥೆ 1940ರ ದಶಕದ ಕೊನೆಯಿಂದ ಹಲವು ದಶಕಗಳ ಕಾಲ ಒಂದು ಪ್ರಶ್ನೆ ಕೇಳುತ್ತಾ ಬಂತು: ಈಗ ಬದುಕಿರುವವರಲ್ಲಿ ನೀವು ಅತಿ ಹೆಚ್ಚು ಮೆಚ್ಚುವ ಗಂಡಸು ಯಾರು, ಹೆಂಗಸು ಯಾರು? ಇಲ್ಲಿ ಜನರು ತಾವಾಗಿ ಫೋನ್ ಮಾಡುವುದಿಲ್ಲ, ಸಂಸ್ಥೆಯೇ ಆರಿಸಿ ಕೇಳುತ್ತದೆ. ಮುಂದೆ ಹೆಸರುಗಳ ಪಟ್ಟಿಯನ್ನೂ ಇಡುವುದಿಲ್ಲ. ಹಾಗೆ ಕೇಳಿದಾಗ ಉತ್ತರ ಚದುರಿಹೋಗುತ್ತದೆ. 2019ರಲ್ಲಿ ಒಬಾಮಾ, ಟ್ರಂಪ್ ಇಬ್ಬರೂ ಮೊದಲ ಸ್ಥಾನ ಹಂಚಿಕೊಂಡರು, ತಲಾ ಶೇ 18. ಅಂದರೆ ಮೊದಲ ಸ್ಥಾನಕ್ಕೂ ಐದರಲ್ಲಿ ಒಂದು ಪಾಲಿನಷ್ಟು ಜನ ಇಲ್ಲ. ಎಷ್ಟೋ ಮಂದಿ ಯಾರ ಹೆಸರನ್ನೂ ಹೇಳುವುದಿಲ್ಲ. ಕೆಲವರು ತಮ್ಮ ಮನೆಯವರ ಹೆಸರು ಹೇಳುತ್ತಾರೆ. ನನಗೆ ಆ ಉತ್ತರವೇ ಎಲ್ಲಕ್ಕಿಂತ ಪ್ರಾಮಾಣಿಕ ಅನ್ನಿಸುತ್ತದೆ.

ಬಿಬಿಸಿಯ ಬಂಗಾಳಿ ವಿಭಾಗ 2004ರಲ್ಲಿ ಅಂಕದ ಲೆಕ್ಕ ಇಟ್ಟಿತು. ಕೇಳುಗರು ಐದು ಹೆಸರನ್ನು ಕ್ರಮವಾಗಿ ಬರೆಯಬೇಕು, ಮೊದಲ ಹೆಸರಿಗೆ ಜಾಸ್ತಿ ಅಂಕ. ಅಲ್ಲಿ ಗಡಿ ದೇಶದ್ದಲ್ಲ, ಭಾಷೆಯದು. ಬಾಂಗ್ಲಾದೇಶದವರ ಜೊತೆ ಭಾರತದ ಬಂಗಾಳಿಗಳೂ ಸೇರಿ ಶೇಖ್ ಮುಜಿಬುರ್ ರೆಹಮಾನ್, ರವೀಂದ್ರನಾಥ ಟ್ಯಾಗೋರ್, ನಜ್ರುಲ್ ಇಸ್ಲಾಂ ಅವರನ್ನು ಇದೇ ಕ್ರಮದಲ್ಲಿ ಆರಿಸಿದರು. ಭಾರತದಲ್ಲಿ 2012ರಲ್ಲಿ ನಡೆದ ಆಯ್ಕೆಯಲ್ಲಿ ಗಾಂಧೀಜಿಯನ್ನು ಸ್ಪರ್ಧೆಯಿಂದ ಹೊರಗಿಟ್ಟು, ಅವರ ನಂತರದ ಮಹಾನ್ ಭಾರತೀಯ ಯಾರು ಎಂದು ಕೇಳಿದರು. ತೀರ್ಪುಗಾರರ ಮಂಡಳಿ, ಜನರ ವೋಟು, ಮಾರುಕಟ್ಟೆ ಸಮೀಕ್ಷೆ ಹೀಗೆ ಮೂರು ಅಳತೆಗೋಲು ಬಳಸಿದರು. ಅಂಬೇಡ್ಕರ್ ಮೊದಲನೆಯವರಾದರು. ಮೊದಲ ಹತ್ತರಲ್ಲಿ ಅಬ್ದುಲ್ ಕಲಾಂ, ಪಟೇಲ್, ನೆಹರೂ ಜೊತೆಗೆ ಸಚಿನ್ ತೆಂಡೂಲ್ಕರ್, ಲತಾ ಮಂಗೇಶ್ಕರ್ ಕೂಡ ಇದ್ದರು.

ಕ್ರಿಕೆಟಿಗನನ್ನೂ ಸಂವಿಧಾನ ಬರೆದವರನ್ನೂ ಒಟ್ಟಿಗೆ ತೂಗುವುದು ಸರಿಯೇ ಅಂತ ಹಲವರು ಕೇಳುತ್ತಾರೆ. ಬ್ರಿಟನ್ನಿನಲ್ಲಿ ರಾಜಕುಮಾರಿ ಡಯಾನಾ ಮೂರನೆಯವರು, ಡಾರ್ವಿನ್ ನಾಲ್ಕನೆಯವರು. ಆಕೆ ತೀರಿಕೊಂಡು ಆಗ ಐದೇ ವರ್ಷ. ನೆನಪು ಹತ್ತಿರದ್ದಾದಷ್ಟೂ ವೋಟು ಜಾಸ್ತಿ, ಇದು ನಿಜವೇ. ಆದರೆ ಜನಪ್ರಿಯ ಅಂದ ಮಾತ್ರಕ್ಕೆ ಹಗುರ ಅಂತ ನಾನು ಒಪ್ಪುವುದಿಲ್ಲ. ಕೆನಡಾದಲ್ಲಿ ಎರಡನೇ ಸ್ಥಾನ ಪಡೆದ ಟೆರಿ ಫಾಕ್ಸ್ ಅನ್ನೇ ನೋಡಿ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಹುಡುಗ. 1980ರಲ್ಲಿ ಕೃತಕ ಕಾಲಿನಲ್ಲಿ, ಕ್ಯಾನ್ಸರ್ ಸಂಶೋಧನೆಗೆ ಹಣ ಸೇರಿಸಲು, ದೇಶದ ಈ ತುದಿಯಿಂದ ಆ ತುದಿಗೆ ಓಡಲು ಹೊರಟ. 143 ದಿನ ಓಡಿದ, 5,373 ಕಿಲೋಮೀಟರ್. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಿಸಬೇಕಾಯಿತು. 22ನೇ ವಯಸ್ಸಿಗೆ ತೀರಿಕೊಂಡ. ಈ ಹುಡುಗ ಪ್ರಧಾನಿಗಳಿಗಿಂತ ಮೇಲೆ ಬಂದರೆ ಅದರಲ್ಲಿ ಅನ್ಯಾಯ ಏನಿದೆ?

ಅದೇ ಕೆನಡಾದ ಮೊದಲ ಹತ್ತರಲ್ಲಿ ಒಬ್ಬ ಹೆಂಗಸೂ ಇಲ್ಲ. ಬ್ರಿಟನ್ನಿನ ನೂರರಲ್ಲಿ ಒಬ್ಬ ಕಪ್ಪುಜನಾಂಗದ ಬ್ರಿಟಿಷರೂ ಇರಲಿಲ್ಲ. ಇಂಥ ಪಟ್ಟಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಈ ಖಾಲಿ ಜಾಗಗಳನ್ನು. ಆಮೇಲೆ ವೋಟು ಯಾವ ವರ್ಷದ್ದು, ಯಾರು ಹಾಕಿದ್ದು, ಯಾರನ್ನು ಮೊದಲೇ ಹೊರಗಿಟ್ಟರು ಅನ್ನುವುದು. ಮೊದಲ ಸ್ಥಾನದ ಹೆಸರನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಬ್ರಿಟನ್ನಿನಲ್ಲಿ ಆ ಖಾಲಿ ಜಾಗ ಕಂಡವರು ಸುಮ್ಮನೆ ಕೂರಲಿಲ್ಲ. ಕಪ್ಪುಜನಾಂಗದ ಮಹಾನ್ ಬ್ರಿಟನ್ನರನ್ನು ಆರಿಸಲು ತಾವೇ ಬೇರೆ ವೋಟು ನಡೆಸಿದರು. 2004ರಲ್ಲಿ ಅದರ ಫಲಿತಾಂಶ ಬಂದಾಗ ಮೊದಲ ಸ್ಥಾನದಲ್ಲಿ ಇದ್ದದ್ದು ಮೇರಿ ಸೀಕೋಲ್, ಜಮೈಕಾದಲ್ಲಿ ಹುಟ್ಟಿ, ಕ್ರಿಮಿಯಾ ಯುದ್ಧದಲ್ಲಿ ಸೈನಿಕರ ಆರೈಕೆ ಮಾಡಿದಾಕೆ.