ಬ್ರಾಡ್‌ಬ್ಯಾಂಡ್ ರಿನ್ಯೂ ಮಾಡೋ ಮುಂಚೆ ಒಂದು ಫೋನ್ ಮಾಡಿ

ಬ್ರಾಡ್‌ಬ್ಯಾಂಡ್ ಕಂಪನಿಗಳಲ್ಲಿ ರಿಟೆನ್ಷನ್ ಅಂತ ಒಂದು ಟೀಮ್ ಇರತ್ತೆ. ಕನೆಕ್ಷನ್ ಬೇಡ ಅಂತ ಹೊರಟಿರೋ ಗ್ರಾಹಕರನ್ನ ಹೇಗಾದ್ರೂ ಉಳಿಸ್ಕೊಳ್ಳೋದೇ ಅವರ ಕೆಲಸ. ಬೆಂಗಳೂರಲ್ಲಿ ಬಹಳ ವರ್ಷ ಆ ಟೀಮಲ್ಲೇ ಇದ್ದೆ, ಈಗ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಿಗೆ ನೆಟ್ ಕನೆಕ್ಷನ್ ವಿಷಯದಲ್ಲಿ ಸಲಹೆ ಕೊಡ್ತೀನಿ. ಆ ಟೀಮಲ್ಲಿ ಕೂತು ನೋಡಿದ್ರೆ ಒಂದು ವಿಷಯ ಕಣ್ಣಿಗೆ ರಾಚತ್ತೆ: ಒಂದೇ ಬೀದಿ, ಒಂದೇ ಕಂಬದಿಂದ ಎಳೆದ ಕೇಬಲ್, ಒಂದೇ ಸ್ಪೀಡು, ಆದ್ರೆ ವರ್ಷಾನುಗಟ್ಟಲೆ ಒಂದಿನಾನೂ ತಡ ಮಾಡ್ದೆ ದುಡ್ಡು ಕಟ್ಕೊಂಡು ಬಂದೋರು ಜಾಸ್ತಿ ಕೊಡ್ತಿರ್ತಾರೆ, ಹೋದ್ ತಿಂಗಳು ಸೇರಿದೋರು ಕಮ್ಮಿ. ಇದು ನನಗೆ ಆಗಲೂ ಸರಿ ಅನ್ಸಿಲ್ಲ, ಈಗಲೂ ಅನ್ಸಲ್ಲ. ಅದ್ರಲ್ಲೂ ವಯಸ್ಸಾದೋರು ಯಾರೋ ಹಾಕ್ಸಿಕೊಟ್ಟ ಹಳೇ ಪ್ಲಾನನ್ನೇ ಸುಮ್ನೆ ರಿನ್ಯೂ ಮಾಡ್ಕೊಂಡು ಹೋಗ್ತಿರೋದು ನೋಡಿದ್ರೆ ಸಂಕಟ ಆಗತ್ತೆ. ಅದಕ್ಕೇ ರಿನ್ಯೂ ಮಾಡೋ ಮುಂಚೆ ಕಂಪನಿಗೆ ಫೋನ್ ಮಾಡಿ ರೇಟ್ ಇಳಿಸಿ ಅಂತ ಕೇಳಿ.

ಹಳೇ ಗ್ರಾಹಕರಿಗೆ ಕಮ್ಮಿ ಮಾಡಿಕೊಡೋಕೆ ಕಂಪನಿಗೆ ಕಷ್ಟ ಏನಿಲ್ಲ. ಹೊಸ ಕನೆಕ್ಷನ್ ಅಂದ್ರೆ ಕೇಬಲ್ ಎಳೀಬೇಕು, ರೌಟರ್ ಕೊಡ್ಬೇಕು, ಮಾರಿದ ಹುಡುಗನಿಗೆ ಕಮಿಷನ್ ಕೊಡ್ಬೇಕು, ನಿಮ್ಮನೇಲಿ ಆ ಖರ್ಚೆಲ್ಲ ಮುಗಿದೋಗಿದೆ, ನೀವು ಬಿಟ್ಟು ಹೋದ್ರೆ ಅವರಿಗೇ ಲಾಸು. ಅದಕ್ಕೇ ವೆಬ್‌ಸೈಟಲ್ಲಿ ಕಾಣದ ಆಫರ್‌ಗಳು ಒಳಗಡೆ ಇರ್ತವೆ. ಟೆಲಿಕಾಂ ಕಂಪನಿಗಳು ಆಯ್ದ ಗ್ರಾಹಕರಿಗೆ ಮಾತ್ರ ಕೊಡೋ ಇಂಥ ಆಫರ್‌ಗಳ ಲೆಕ್ಕ ತೋರ್ಸಿ ಅಂತ ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಟ್ರಾಯ್ 2018ರಲ್ಲಿ ಹೇಳಿದಾಗ ದೊಡ್ಡ ಜಗಳಾನೇ ಆಯ್ತು, ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಮಾಹಿತಿ ಟ್ರಾಯ್‌ಗೆ ಕೊಡ್ಬೇಕು ಅಂತ 2020ರ ನವೆಂಬರ್‌ನಲ್ಲಿ ಕೋರ್ಟು ಹೇಳ್ತು. ಅಂದ್ರೆ ಹೀಗೆ ಒಬ್ಬೊಬ್ಬರಿಗೆ ಒಂದೊಂದು ರೇಟ್ ಇರೋದು ಗುಟ್ಟೇನಲ್ಲ, ನೀವು ಕೇಳಿದ್ರೆ ತಪ್ಪೂ ಇಲ್ಲ.

ಫೋನ್ ಮಾಡೋ ಮುಂಚೆ ನಿಮ್ಮನೇಲಿ ಎಷ್ಟು ಸ್ಪೀಡ್ ಬೇಕು ಅಂತ ಲೆಕ್ಕ ಹಾಕಿ. ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಸಾಕು, 4ಕೆ ಅಂದ್ರೂ 15ರಿಂದ 25, ಆಫೀಸಿನ ವಿಡಿಯೋ ಕಾಲ್‌ಗೆ 4ರ ಆಸುಪಾಸು. ಎರಡು ಟಿವಿ, ಇಬ್ಬರದು ವರ್ಕ್ ಫ್ರಂ ಹೋಮ್ ಇದ್ರೂ 100 ಎಂಬಿಪಿಎಸ್ ದಾಟೋದು ಅಪರೂಪ. ಇನ್ನೊಂದು, ರೌಟರ್ ಹಳೇದಾಗಿದ್ದು ಅದರ ಹಿಂದಿನ ಪೋರ್ಟ್ 100ಕ್ಕೇ ನಿಲ್ಲೋ ಥರದ್ದಾದ್ರೆ, ನೀವು 300 ಎಂಬಿಪಿಎಸ್ ಪ್ಲಾನ್‌ಗೆ ದುಡ್ಡು ಕಟ್ಟಿದ್ರೂ ಬರೋದು ಅಷ್ಟೇ. ಬೇಡದ ಸ್ಪೀಡಿಗೆ ಎಷ್ಟು ಹೋಗತ್ತೆ ನೋಡಿ: ತಿಂಗಳಿಗೆ 999 ರೂಪಾಯಿ ಪ್ಲಾನಿಗೆ 18% ಜಿಎಸ್‌ಟಿ ಸೇರಿ 1178.82 ಆಗತ್ತೆ, 699ರದ್ದಕ್ಕೆ 824.82. ವರ್ಷಕ್ಕೆ 4248 ರೂಪಾಯಿ ವ್ಯತ್ಯಾಸ, ಪಿಂಚಣಿ ಮೇಲೆ ನಡೆಯೋ ಮನೆಗೆ ಇದು ಸಣ್ಣ ದುಡ್ಡಲ್ಲ.

ಆಮೇಲೆ ಅಕ್ಕಪಕ್ಕ ಬೇರೆ ಯಾವ ಕಂಪನಿ ಇದೆ, ನಿಮ್ಮ ಮನೆಗೆ ಅವರ ಲೈನ್ ನಿಜವಾಗ್ಲೂ ಬರತ್ತಾ ಅಂತ ಫೀಸಿಬಿಲಿಟಿ ಕೇಳಿಟ್ಕೊಳ್ಳಿ. ಸುಮ್ನೆ ಹೆದರ್ಸೋಣ ಅಂತ ಹೋದ್ರೆ ಗೊತ್ತಾಗ್ಬಿಡತ್ತೆ, ಯಾಕಂದ್ರೆ ಆ ಏರಿಯಾದಲ್ಲಿ ಯಾರ್ಯಾರಿದಾರೆ ಅನ್ನೋದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಪ್ಯಾಕ್ ಮುಗಿಯೋಕೆ ಹತ್ತು ಹದಿನೈದು ದಿನ ಇರೋವಾಗ ಫೋನ್ ಮಾಡಿ, ವರ್ಷದ ದುಡ್ಡು ಕಟ್ಟಿ ಆದ್ಮೇಲೆ ಯಾರೂ ನಿಮ್ಮಾತು ಕೇಳಲ್ಲ.

ಇತ್ತೀಚೆಗೆ ಪರಿಚಯದ ರಿಟೈರ್ಡ್ ಮೇಷ್ಟ್ರೊಬ್ಬರು ಮಾತಾಡೋವಾಗ ಪಕ್ಕದಲ್ಲೇ ಕೂತಿದ್ದೆ. ಮೊದಲು ಎತ್ತಿದ ಹುಡುಗನಿಗೆ ರೇಟ್ ಇಳಿಸೋ ಅಧಿಕಾರ ಇರಲ್ಲ, ಅವನ ಹತ್ರ ವಾದ ಮಾಡ್ದೆ ಡಿಸ್ಕನೆಕ್ಷನ್ ರಿಕ್ವೆಸ್ಟ್ ಹಾಕಿ ಅಂದ್ರು, ಲೈನು ರಿಟೆನ್ಷನ್ ಟೀಮಿನ ಹುಡುಗಿ ಹತ್ರ ಹೋಯ್ತು.

"ಯಾಕೆ ಸರ್ ಬಿಡ್ತಿದೀರ?"

"ನೋಡಮ್ಮ, ನಿಮ್ ಸರ್ವಿಸ್ ಬಗ್ಗೆ ತಕರಾರಿಲ್ಲ. ಎದುರುಮನೆಯವರು 100ರ ಸ್ಪೀಡಿಗೆ 699 ಕಟ್ತಿದಾರೆ, ನಾನು 999. ಆ ಕಂಪನಿಯವರು ನಮ್ಮನೆಗೂ ಕೊಡ್ತೀವಿ ಅಂದಿದಾರೆ. ರೇಟ್ ಸರಿ ಮಾಡಿದ್ರೆ ಇಲ್ಲೇ ಇರ್ತೀನಿ."

"ಸರ್, ನಿಮಗೆ ಒಟಿಟಿ ಫ್ರೀ ಹಾಕ್ಕೊಡ್ತೀನಿ."

"ನಾವು ಅದ್ಯಾವ್ದೂ ನೋಡಲ್ಲ ಕಣಮ್ಮ."

ಅಷ್ಟು ಹೇಳಿ ಮೇಷ್ಟ್ರು ಸುಮ್ಮನಾದ್ರು. ಆ ಕಡೆಯಿಂದ "ಒಂದ್ ನಿಮಿಷ ಹೋಲ್ಡ್ ಮಾಡಿ ಸರ್" ಅಂತ ಬಂತು. ಈ ಹೋಲ್ಡ್ ಅಂದ್ರೆ ಅವರು ಸ್ಕ್ರೀನಲ್ಲಿ ಮುಂದಿನ ಆಫರ್ ತೆಗೀತಿದಾರೆ ಅಂತ. ಮೊದಲನೇ ಆಫರ್ ಯಾವಾಗ್ಲೂ ಕಂಪನಿಗೆ ಅತಿ ಕಮ್ಮಿ ಖರ್ಚಿನದ್ದು, ಒಟಿಟಿನೋ ಬೇಡದ ಸ್ಪೀಡೋ ಆಗಿರತ್ತೆ. ಕೊನೆಗೆ 699ಕ್ಕೇ ಬಂದ್ರು, ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಒಂದು ತಿಂಗಳು ಎಕ್ಸ್‌ಟ್ರಾ ಅಂದ್ರು. ಮೇಷ್ಟ್ರು ಒಂದ್ಸಲಾನೂ ದನಿ ಏರಿಸ್ಲಿಲ್ಲ, ದಯವಿಟ್ಟು ನೀವೂ ಏರಿಸ್ಬೇಡಿ, ಆ ಹುಡುಗಿ ದಿನಪೂರ್ತಿ ಬೈಗುಳ ಕೇಳಿರ್ತಾಳೆ, ನಿಮಗೆ ಒಳ್ಳೇ ಆಫರ್ ಹುಡುಕಿ ಕೊಡೋಳು ಅವಳೇ.

ನೆಟ್ ಪದೇಪದೇ ಹೋಗ್ತಿದ್ರೆ ಅದನ್ನೂ ಮಾತಿಗೆ ತನ್ನಿ, ಆದ್ರೆ ಬಾಯಿಮಾತಲ್ಲಿ ಅಲ್ಲ. ರೌಟರಲ್ಲಿ ಎಲ್ಒಎಸ್ (ಸಿಗ್ನಲ್ ಬರ್ತಿಲ್ಲ ಅಂತ ಅರ್ಥ) ಅನ್ನೋ ಕೆಂಪು ದೀಪ ಹತ್ತಿದಾಗ್ಲೆಲ್ಲ ಲೈನ್‌ಮ್ಯಾನ್‌ಗೆ ವಾಟ್ಸಾಪ್ ಮಾಡಿ ಸುಮ್ಮನಾಗ್ಬೇಡಿ, ಕಸ್ಟಮರ್ ಕೇರ್‌ನಲ್ಲಿ ಕಂಪ್ಲೇಂಟ್ ಹಾಕಿ ಡಾಕೆಟ್ ನಂಬರ್, ಅಂದ್ರೆ ಆ ಕಂಪ್ಲೇಂಟಿನ ನಂಬರ್ ತಗೊಳ್ಳಿ, ಅದು ಇಲ್ದಿದ್ರೆ ರೆಕಾರ್ಡಲ್ಲಿ ನಿಮ್ಮ ಲೈನ್ ಯಾವತ್ತೂ ಕೆಟ್ಟೇ ಇಲ್ಲ. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಫಾಲ್ಟ್ ಸರಿ ಮಾಡೋಕೆ ಮೂರು ದಿನ ದಾಟಿದ್ರೆ ಪೋಸ್ಟ್‌ಪೇಯ್ಡ್, ಪ್ರೀಪೇಯ್ಡ್ ಇಬ್ಬರಿಗೂ ಪರಿಹಾರ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಕಂಪನಿಯ ಅಪೀಲ್ ಅಥಾರಿಟಿಗೆ ಬರೀರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟ್ರಾಯ್ ಒಬ್ಬೊಬ್ಬರ ದೂರನ್ನ ನೇರ ತಗೊಳ್ಳಲ್ಲ, ಅಲ್ಲಿಗೆ ಬರೆದು ಕಾಯ್ಬೇಡಿ.

ಸಣ್ಣ ಊರಲ್ಲಿ ಕಥೆ ಬೇರೆ. ಮಲೆನಾಡಿನ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಫೈಬರ್ ಅಂದ್ರೂ ಅದನ್ನ ನಡೆಸೋದು ಊರಿನ ಆಪರೇಟರೇ, ಬೇರೆ ಕಂಪನಿ ಹೆಸರು ಹೇಳೋಕೆ ಇರೋದೇ ಇಲ್ಲ. ಅಲ್ಲಿ ಪ್ಲಾನ್ ರೇಟ್ ಅವರ ಕೈಲಿರಲ್ಲ, ಆದ್ರೆ ಇನ್‌ಸ್ಟಲೇಷನ್ ದುಡ್ಡು, ರೌಟರ್, ಕೇಬಲ್ ಚಾರ್ಜು ಅವರ ಕೈಲೇ ಇರತ್ತೆ, ಅದನ್ನ ಕೇಳಿ, ನಾಲ್ಕು ಮನೆಯವರು ಸೇರಿ ಕೇಳಿದ್ರೆ ಇನ್ನೂ ಒಳ್ಳೇದು. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಏರ್‌ಫೈಬರ್ ತಂದ್ಮೇಲೆ 5ಜಿ ಸಿಗ್ನಲ್ ಚೆನ್ನಾಗಿರೋ ಕಡೆ ಕೇಬಲ್ ಇಲ್ದೇನೂ ಒಂದು ದಾರಿ ಸಿಕ್ಕಿದೆ, ನಿಮ್ಮಲ್ಲಿ ಬರತ್ತಾ ನೋಡ್ಕೊಳ್ಳಿ.

ಒಪ್ಪಿದ ಮೇಲೆ ಜಿಎಸ್‌ಟಿ ಸೇರಿ ಎಷ್ಟು, ಎಷ್ಟು ತಿಂಗಳಿಗೆ, ಅದು ಮುಗಿದ್ಮೇಲೆ ರೇಟ್ ಎಷ್ಟಾಗತ್ತೆ ಅಂತ ಕೇಳಿ ಎಸ್‌ಎಂಎಸ್ ಇಲ್ಲಾ ಇಮೇಲ್‌ನಲ್ಲಿ ಹಾಕ್ಸಿಕೊಳ್ಳಿ, ಅದು ಬರೋವರೆಗೂ ದುಡ್ಡು ಕಟ್ಬೇಡಿ. ಮಾತುಕತೆ ಮುರಿದು ಬಿದ್ದು ಬಿಡೋದೇ ಆದ್ರೆ ಮೊಬೈಲ್ ನಂಬರ್ ಥರ ಇದನ್ನ ಪೋರ್ಟ್ ಮಾಡೋಕಾಗಲ್ಲ, ಹೊಸ ಲೈನ್ ಬಂದು ಕೆಲಸ ಮಾಡೋದು ನೋಡ್ಕೊಂಡೇ ಹಳೇದು ನಿಲ್ಸಿ, ರೌಟರ್ ವಾಪಸ್ ತಗೊಂಡು ಹೋಗೋಕೆ ಬಂದ ಹುಡುಗನ ಹತ್ರ ಸೀರಿಯಲ್ ನಂಬರ್ ಬರೆಸಿ ರಸೀದಿ ತಗೊಳ್ಳಿ, ಇಲ್ಲಾಂದ್ರೆ ಆರು ತಿಂಗಳಾದ್ಮೇಲೂ ರೌಟರ್ ದುಡ್ಡು ಬಾಕಿ ಅಂತ ರಿಕವರಿಯವರ ಫೋನ್ ಬರ್ತಾ ಇರತ್ತೆ.