ಅನ್‌ಅಲೈನ್ಡ್ ಆ್ಯಕ್ಸೆಸ್ ಅಂದರೇನು? ಸರಿ ಮಾಡುವುದು ಹೇಗೆ?

ಮೆಮೊರಿಯಲ್ಲಿ ಪ್ರತಿ ಬೈಟ್‌ಗೂ ಒಂದು ವಿಳಾಸ ಇರುತ್ತದೆ. 32 ಬಿಟ್ ಪ್ರೊಸೆಸರ್ ಒಂದೇ ಏಟಿಗೆ ನಾಲ್ಕು ಬೈಟ್ ಓದಬಲ್ಲದು. ಹಾಗೆ ಓದುವಾಗ ಶುರುವಿನ ವಿಳಾಸ 4ರಿಂದ ಭಾಗವಾಗಬೇಕು. ಎರಡು ಬೈಟ್ ಓದುವುದಾದರೆ 2ರಿಂದ. ಈ ಲೆಕ್ಕ ತಪ್ಪಿದ ವಿಳಾಸದಲ್ಲಿ ಓದಿದರೂ ಬರೆದರೂ ಅದು ಅನ್‌ಅಲೈನ್ಡ್ ಆ್ಯಕ್ಸೆಸ್. ಒಂದೊಂದೇ ಬೈಟ್ ಓದಿದರೆ ಈ ತಕರಾರೇ ಇಲ್ಲ.

ಲ್ಯಾಪ್‌ಟಾಪ್‌ನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಸಾಮಾನ್ಯವಾಗಿ ಏನೂ ಅನ್ನದೆ ಓದಿಕೊಡುತ್ತವೆ. ಅಲ್ಲಿ ಚೆನ್ನಾಗಿ ಓಡಿದ ಕೋಡ್ ಯಂತ್ರದೊಳಗೆ ಕೂರುವ ಚಿಕ್ಕ ಚಿಪ್‌ನ ಬೋರ್ಡಿಗೆ ಹೋದಾಗ ಕೈಕೊಡುತ್ತದೆ.

ಬೆಳಗಾವಿಯ ಉದ್ಯಮಬಾಗದಂಥ ಕಡೆ ಪ್ಯಾನೆಲ್ ಕೆಲಸ ಮಾಡುವವರಿಗೆ ಮಾಡ್‌ಬಸ್ (ಮೀಟರ್‌ನಂಥ ಸಾಧನಗಳು ತಂತಿಯ ಮೇಲೆ ಮಾತಾಡುವ ಪದ್ಧತಿ) ಹೊಸದಲ್ಲ. ಎನರ್ಜಿ ಮೀಟರ್ ಕಳಿಸುವ ಉತ್ತರವನ್ನೇ ನೋಡಿ. ಮೊದಲ ಬೈಟ್ ಮೀಟರಿನ ನಂಬರ್. ಎರಡನೆಯದು ಯಾವ ಕೆಲಸ ಅನ್ನುವ ಫಂಕ್ಷನ್ ಕೋಡ್. ಮೂರನೆಯದು ಮುಂದೆ ಎಷ್ಟು ಬೈಟ್ ಡೇಟಾ ಇದೆ ಅನ್ನುವ ಲೆಕ್ಕ. ನಮಗೆ ಬೇಕಾದ ನಾಲ್ಕು ಬೈಟ್‌ನ ರೀಡಿಂಗ್ ಶುರುವಾಗುವುದು ಅದಾದ ಮೇಲೆ. ಅಂದರೆ ಬಂದ ಬೈಟ್‌ಗಳನ್ನು ಇಟ್ಟುಕೊಳ್ಳುವ ಬಫರ್ ಸರಿಯಾದ ವಿಳಾಸದಲ್ಲೇ ಇದ್ದರೂ ರೀಡಿಂಗ್ ಇರುವುದು ಅದಕ್ಕೆ 3 ಕೂಡಿಸಿದ ಜಾಗದಲ್ಲಿ. ಆ ಜಾಗದ ಪಾಯಿಂಟರನ್ನು (ವಿಳಾಸ ಹಿಡಿದಿಡುವ ವೇರಿಯೇಬಲ್) ನಾಲ್ಕು ಬೈಟ್ ಒಟ್ಟಿಗೆ ಓದುವ 32 ಬಿಟ್ ಪಾಯಿಂಟರ್ ಆಗಿ ಕಾಸ್ಟ್ ಮಾಡಿ, ಅಂದರೆ ಅದರ ಬಗೆ ಬದಲಿಸಿ, ಓದುವ ಸಾಲು ಎಷ್ಟೋ ಕೋಡ್‌ಗಳಲ್ಲಿ ಸಿಗುತ್ತದೆ. ಸಿ ಭಾಷೆಯ ನಿಯಮದಲ್ಲಿ ಓದುವುದಿರಲಿ, ಆ ಕಾಸ್ಟೇ ತಪ್ಪು.

ಮುಂದೆ ಏನಾಗುತ್ತದೆ ಅನ್ನುವುದು ಚಿಪ್‌ನ ಮೇಲೆ ನಿಂತಿದೆ. ಎಆರ್‌ಎಂ ಬಗೆಯ ಕಾರ್ಟೆಕ್ಸ್-ಎಂ0 ಆದರೆ ನೇರ ಹಾರ್ಡ್‌ಫಾಲ್ಟ್, ಅಂದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಅದೇ ಸಾಲಿನ ಎಂ3, ಎಂ4 ಸ್ವಲ್ಪ ಮೋಸದ ಆಟ ಆಡುತ್ತವೆ. ಮೆಮೊರಿಯಿಂದ ಓದುವ ಸಾಮಾನ್ಯ ಎಲ್‌ಡಿಆರ್ ಇನ್‌ಸ್ಟ್ರಕ್ಷನ್ ಅನ್‌ಅಲೈನ್ಡ್ ಆದರೂ ನಡೆಯುತ್ತದೆ. ಒಟ್ಟಿಗೆ ಎರಡು ರಿಜಿಸ್ಟರ್ (ಪ್ರೊಸೆಸರಿನ ಒಳಗಿನ ಪುಟ್ಟ ಖಾನೆ) ತುಂಬುವ ಎಲ್‌ಡಿಆರ್‌ಡಿ, ಹಲವು ತುಂಬುವ ಎಲ್‌ಡಿಎಂ ನಡೆಯುವುದಿಲ್ಲ. ಕೋಡ್ ವೇಗವಾಗಲಿ ಅಂತ ಆಪ್ಟಿಮೈಸೇಷನ್ ಜಾಸ್ತಿ ಮಾಡಿದಾಗ ಕಂಪೈಲರ್ ಅಕ್ಕಪಕ್ಕದ ಎರಡು ರೀಡ್‌ಗಳನ್ನು ಸೇರಿಸಿ ಒಂದು ಎಲ್‌ಡಿಆರ್‌ಡಿ ಮಾಡಿಬಿಡಬಹುದು. ನಿನ್ನೆ ತನಕ ಓಡಿದ ಕೋಡ್ ಇವತ್ತು ಬಿತ್ತು ಅಂತ ಕಂಪೈಲರನ್ನು ಬೈಯುವುದು ಇಲ್ಲೇ. ಕಂಪೈಲರ್ ತಪ್ಪು ಮಾಡಿಲ್ಲ.

ಇನ್ನು ಹಳೆಯ ಎಆರ್‌ಎಂ7. ವಿಟಿಯು ಕಾಲೇಜುಗಳ ಲ್ಯಾಬ್‌ನಲ್ಲಿ ಎಲ್‌ಪಿಸಿ2148 ಬೋರ್ಡ್ ಹಿಡಿದವರಿಗೆ ಇದು ಗೊತ್ತಿರುವ ಚಿಪ್. ಹೆಕ್ಸ್ ವಿಳಾಸ 40000000ದಿಂದ ಸಾಲಾಗಿ 11, 22, 33, 44, 55 ಅನ್ನುವ ಬೈಟ್‌ಗಳು ಇವೆ ಅಂದುಕೊಳ್ಳಿ. 40000001ರಿಂದ ನಾಲ್ಕು ಬೈಟ್ ಕೇಳಿದರೆ 55443322 ಬರಬೇಕು. ಬರುವುದು 11443322. ಚಿಪ್ ಹಿಂದಿನ ಅಲೈನ್ಡ್ ವಿಳಾಸದಿಂದ ಓದಿ, ಬೈಟ್‌ಗಳನ್ನು ತಿರುಗಿಸಿ ಕೊಟ್ಟುಬಿಡುತ್ತದೆ. ಫಾಲ್ಟ್ ಇಲ್ಲ, ಎಚ್ಚರಿಕೆ ಇಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಕೆಟ್ಟದ್ದು. ಹಾರ್ಡ್‌ಫಾಲ್ಟ್ ಆದರೆ ಯಂತ್ರ ನಿಲ್ಲುತ್ತದೆ, ಯಾರಾದರೂ ಬಂದು ನೋಡುತ್ತಾರೆ. ಮುಧೋಳದ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತಾಗ ಇಂಥ ಕೋಡ್ ತಪ್ಪು ತೂಕ ತೋರಿಸಿದರೆ ನಷ್ಟ ರೈತನಿಗೆ. ಅವನು ಯಾವ ರಿಜಿಸ್ಟರ್ ತೆಗೆದು ನೋಡಬೇಕು?

ಫಾಲ್ಟ್ ಆಗುವ ಚಿಪ್‌ನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ ಅಲ್ಲ. ಕಾರ್ಟೆಕ್ಸ್-ಎಂ ಫಾಲ್ಟ್ ಆದಾಗ ಎಂಟು ರಿಜಿಸ್ಟರ್‌ಗಳನ್ನು ಸ್ಟ್ಯಾಕ್ ಅನ್ನುವ ಮೆಮೊರಿ ಜಾಗಕ್ಕೆ ತಳ್ಳುತ್ತದೆ. ಅದರಲ್ಲಿ ಏಳನೆಯದು ಪ್ರೋಗ್ರಾಂ ಕೌಂಟರ್. ಸಾಮಾನ್ಯವಾಗಿ ಎಡವಿದ ಇನ್‌ಸ್ಟ್ರಕ್ಷನ್ ಅಲ್ಲೇ ಸಿಗುತ್ತದೆ. ಎಂ3, ಎಂ4ನಲ್ಲಿ ಯೂಸೇಜ್ ಫಾಲ್ಟ್ ರಿಜಿಸ್ಟರಿನ ಅನ್‌ಅಲೈನ್ಡ್ ಬಿಟ್ ಕೂಡ ಮೇಲೆದ್ದಿರುತ್ತದೆ. ಎಂ0ನಲ್ಲಿ ಆ ರಿಜಿಸ್ಟರೇ ಇಲ್ಲ, ಹಾಗಾಗಿ ಸ್ಟ್ಯಾಕ್ ಒಂದೇ ಗತಿ.

ಸರಿ ಮಾಡಲು ನಾನು ಮೊದಲು ಹೇಳುವುದು ಇಷ್ಟು: ತಂತಿಯಿಂದ ಬಂದ ಡೇಟಾವನ್ನು ಕಾಸ್ಟ್ ಮಾಡಬೇಡಿ, ಬೈಟ್ ಬೈಟಾಗಿ ಎತ್ತಿ ಶಿಫ್ಟ್ ಮಾಡಿ ಜೋಡಿಸಿ. ಮಾಡ್‌ಬಸ್‌ನಲ್ಲಿ ಪ್ರತಿ ರಿಜಿಸ್ಟರಿನ (ಇಲ್ಲಿ ಎರಡು ಬೈಟ್‌ನ ಡೇಟಾ ತುಂಡು) ದೊಡ್ಡ ಬೈಟ್ ಮೊದಲು ಬರುತ್ತದೆ, ನಮ್ಮ ಚಿಪ್‌ಗೆ ಸಾಮಾನ್ಯವಾಗಿ ಚಿಕ್ಕದು ಮೊದಲು ಬೇಕು. ಶಿಫ್ಟ್ ಮಾಡಿದರೆ ಆ ಕೆಲಸವೂ ಅಲ್ಲೇ ಮುಗಿಯುತ್ತದೆ. ಬೈಟ್‌ಗಳ ಕ್ರಮ ಬದಲಿಸಬೇಕಾಗಿಲ್ಲ ಅಂದರೆ ಬೈಟ್‌ಗಳನ್ನು ಹಾಗೇ ನಕಲು ಮಾಡುವ ಮೆಮ್‌ಕಾಪಿ ಸಾಕು. ಅದಕ್ಕೆ ಕೊಡುವ ಪಾಯಿಂಟರ್ ಬೈಟ್ ಪಾಯಿಂಟರೇ ಆಗಿರಬೇಕು. 32 ಬಿಟ್ ಪಾಯಿಂಟರ್ ಕೊಟ್ಟರೆ ಕಂಪೈಲರ್ ಅದು ಅಲೈನ್ಡ್ ಅಂತಲೇ ನಂಬುತ್ತದೆ.

ಫೀಲ್ಡ್‌ಗಳ ನಡುವೆ ಖಾಲಿ ಬಿಡದೆ ಜೋಡಿಸುವ ಪ್ಯಾಕ್ಡ್ ಸ್ಟ್ರಕ್ಟ್ ಬಳಸುವವರೂ ಇದ್ದಾರೆ. ಸ್ಟ್ರಕ್ಟ್ ಮೂಲಕವೇ ಫೀಲ್ಡ್ ಓದಿದರೆ ಅಡ್ಡಿಯಿಲ್ಲ, ಕಂಪೈಲರ್ ಎಚ್ಚರ ವಹಿಸುತ್ತದೆ. ಆ ಫೀಲ್ಡಿನ ವಿಳಾಸವನ್ನು ಬೇರೆ ಫಂಕ್ಷನ್‌ಗೆ ಸಾದಾ ಪಾಯಿಂಟರ್ ಆಗಿ ಕಳಿಸಿದ ಕೂಡಲೇ ಹಳೆಯ ಕಥೆ ಮತ್ತೆ ಶುರು. ಜಿಸಿಸಿ ಕಂಪೈಲರಿನ 9ನೇ ಆವೃತ್ತಿಯಿಂದ ಇದಕ್ಕೆ ವಾರ್ನಿಂಗ್ ತಾನಾಗಿಯೇ ಬರುತ್ತದೆ. ಅದನ್ನು ಆಫ್ ಮಾಡಬೇಡಿ.

ಎಂ3, ಎಂ4ನಲ್ಲಿ ಅನ್‌ಅಲೈನ್ಡ್ ಟ್ರ್ಯಾಪ್ ಅನ್ನುವ ಕಂಟ್ರೋಲ್ ಬಿಟ್ ಇದೆ. ಕೋಡ್ ಬರೆಯುವ ಹಂತದಲ್ಲೇ ಅದನ್ನು ಆನ್ ಮಾಡಿದರೆ ಚಿಪ್ ಸಹಿಸಿಕೊಳ್ಳುತ್ತಿದ್ದ ತಪ್ಪೂ ಹೊರಬರುತ್ತದೆ. ಕಂಪೈಲರ್‌ಗೂ ಅನ್‌ಅಲೈನ್ಡ್ ಆ್ಯಕ್ಸೆಸ್ ಬೇಡ ಅನ್ನುವ ಆಪ್ಷನ್ ಕೊಡಬೇಕು, ಇಲ್ಲದಿದ್ದರೆ ಅದೇ ಅಂಥ ಇನ್‌ಸ್ಟ್ರಕ್ಷನ್ ಹುಟ್ಟಿಸಬಹುದು.

ವೇಗವೂ ಬೇಕು ಅನ್ನುವವರು ಬಫರನ್ನೇ ಸರಿಸುತ್ತಾರೆ. ಈಥರ್ನೆಟ್ ಹೆಡರ್ 14 ಬೈಟ್, ಅದರ ಹಿಂದೆ ಬರುವ ಐಪಿ ಹೆಡರ್‌ಗೆ 4ರಿಂದ ಭಾಗವಾಗುವ ವಿಳಾಸ ಬೇಕು. ಅದಕ್ಕೇ ಎಷ್ಟೋ ಲಿನಕ್ಸ್ ಡ್ರೈವರ್‌ಗಳು ಮುಂದೆ 2 ಬೈಟ್ ಖಾಲಿ ಬಿಟ್ಟು ಒಟ್ಟು 16 ಮಾಡಿಕೊಳ್ಳುತ್ತವೆ. ನಮ್ಮ ಮಾಡ್‌ಬಸ್ ಉತ್ತರಕ್ಕೆ ಒಂದೇ ಬೈಟ್ ಬಿಟ್ಟರೆ ಸಾಕು, 3 ಹೋಗಿ 4 ಆಗುತ್ತದೆ.