ಪೂರ್ವಭಾವನೆ: ಅಲ್ಲಗಳೆಯಬಹುದಾದದ್ದು ಮತ್ತು ನಿರ್ಣಾಯಕವಾದದ್ದು

ಒಂದು ಸಂಗತಿ ರುಜುವಾತಾದ ಕೂಡಲೇ ಅದರೊಡನೆ ಹೊಂದಿಕೊಂಡ ಇನ್ನೊಂದು ಸಂಗತಿಯನ್ನೂ ಪ್ರತ್ಯೇಕ ಸಾಕ್ಷ್ಯ ಕೇಳದೆ ನ್ಯಾಯಾಲಯವು ನಿಜವೆಂದು ಹಿಡಿಯುವುದಕ್ಕೆ ಕಾನೂನಿನಲ್ಲಿ ಪೂರ್ವಭಾವನೆ ಎನ್ನುತ್ತಾರೆ. ಎದುರಿನ ಪಕ್ಷಕ್ಕೆ ಅದನ್ನು ಸುಳ್ಳೆಂದು ತೋರಿಸುವ ಅವಕಾಶವಿದ್ದರೆ ಅದು ಅಲ್ಲಗಳೆಯಬಹುದಾದ ಪೂರ್ವಭಾವನೆ. ಅಂಥ ಸಾಕ್ಷ್ಯವನ್ನೇ ಕಾನೂನು ತಡೆದಿದ್ದರೆ ನಿರ್ಣಾಯಕ ಪೂರ್ವಭಾವನೆ. 1872ರ ಸಾಕ್ಷ್ಯ ಕಾಯ್ದೆಯ 4ನೆಯ ಕಲಮಿನಲ್ಲಿದ್ದ ಈ ವಿಂಗಡಣೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 2ನೆಯ ಕಲಮಿನಲ್ಲಿಯೂ ಉಳಿದಿದೆ.

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ರೈತರು ಮೊದಲನೆಯ ಬಗೆಯನ್ನು ತಮ್ಮ ಹೊಲದ ಉತಾರದಲ್ಲಿಯೇ (ಪಹಣಿ, ಅಂದರೆ ಹಕ್ಕು ದಾಖಲೆಯ ನಕಲು) ಕಾಣಬಹುದು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೆಯ ಕಲಮಿನ ಪ್ರಕಾರ, ಹಕ್ಕು ದಾಖಲೆಯಲ್ಲಿರುವ ನಮೂದು ಅದಕ್ಕೆ ವಿರುದ್ಧವಾದದ್ದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ ನಿಜವೆಂದೇ ಭಾವಿಸತಕ್ಕದ್ದು. ತಂದೆ ತೀರಿಕೊಂಡ ಮೇಲೆ ವಾರಸಾ ಮಾಡಿಸುವಾಗ ಹಿರಿಯ ಮಗನ ಹೆಸರೊಂದೇ ಏರಿದ್ದರೆ, ಕುಂದಗೋಳದ ಹೊಲವಾದರೂ ಶಿಗ್ಗಾವಿಯದಾದರೂ, ನಮೂದು ತಪ್ಪೆಂದು ತೋರಿಸುವ ಹೊಣೆ ತಮ್ಮನದಾಗುತ್ತದೆ. ಆದರೆ ಉತಾರವು ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ. ಆಸ್ತಿ ಪಿತ್ರಾರ್ಜಿತವೆಂದೂ ವಾಟ್ನಿ (ಪಾಲು ಹಂಚಿಕೆ) ಇನ್ನೂ ಆಗಿಲ್ಲವೆಂದೂ ತಮ್ಮನು ರುಜುವಾತುಪಡಿಸಿದರೆ ಆ ನಮೂದಿನ ಬಲ ಅಲ್ಲಿಗೆ ಮುಗಿಯಿತು.

ಚೆಕ್ ಪ್ರಕರಣಗಳಲ್ಲಿ ಈ ಹೊಣೆಯ ತೂಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಭದ್ರತೆಗೆಂದು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ ಬೌನ್ಸ್ ಆಯಿತೆನ್ನಿ. ಸಹಿ ತಮ್ಮದೆಂದು ಅವರು ಒಪ್ಪಿದರೆ, ಚೆಕ್, ಹುಂಡಿಗಳಿಗೆ ಸಂಬಂಧಿಸಿದ ಪರಕ್ರಾಮ್ಯ ಪತ್ರಗಳ ಅಧಿನಿಯಮ, 1881ರ 139ನೆಯ ಕಲಮಿನಂತೆ ಅದನ್ನು ಸಾಲದ ತೀರುವಳಿಗಾಗಿಯೇ ಕೊಟ್ಟದ್ದೆಂದು ನ್ಯಾಯಾಲಯ ಭಾವಿಸಲೇಬೇಕು. ಕರ್ನಾಟಕದಿಂದಲೇ ಮೇಲ್ಮನವಿಯಾಗಿ ಹೋಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಎರಡು ಮಾತು ಹೇಳಿತು: ಕಾನೂನುರೀತ್ಯಾ ವಸೂಲಿಗೆ ಯೋಗ್ಯವಾದ ಸಾಲ ಇತ್ತೆಂಬುದೂ ಈ ಭಾವನೆಯೊಳಗೇ ಸೇರುತ್ತದೆ, ಆದರೆ ಆರೋಪಿಯು ಅದನ್ನು ಸಂಶಯಾತೀತವಾಗಿ ಅಲ್ಲಗಳೆಯಬೇಕಾಗಿಲ್ಲ, ಸಾಲ ಇರಲಿಲ್ಲವೆಂಬುದು ಹೆಚ್ಚು ಸಂಭಾವ್ಯವೆಂದು ತೋರಿದರೆ ಸಾಕು. ಅದಕ್ಕಾಗಿ ಅವರು ಕಟಕಟೆ ಹತ್ತಲೇಬೇಕೆಂದೂ ಇಲ್ಲ. ಅಷ್ಟು ಹಣ ಕೊಡುವ ಶಕ್ತಿ ದೂರುದಾರರಿಗೆ ಇತ್ತೇ ಎಂಬುದನ್ನು ಪಾಟೀಸವಾಲಿನಲ್ಲಿ ಕೆದಕಿಯೇ ಗೆದ್ದ ಪ್ರಕರಣಗಳಿವೆ. ಸುಮ್ಮನೆ ‘ಸಾಲವೇ ಇಲ್ಲ’ ಎಂದು ನಿಂತವರು ಮಾತ್ರ ಸಾಮಾನ್ಯವಾಗಿ ಸೋಲುತ್ತಾರೆ.

ಏಳು ವರ್ಷ ಸುದ್ದಿಯಿಲ್ಲದವರ ವಿಷಯವೂ ಇದೇ ಬಗೆಯದು. ಗೋವೆಗೆ ದುಡಿಯಲು ಹೋದವನ ಸುದ್ದಿ ಮನೆಯವರಿಗೆ ಅಷ್ಟು ಕಾಲ ಬಾರದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ತೋರಿಸಬೇಕು. ಆದರೆ ಸತ್ತ ದಿನ ಯಾವುದೆಂದು ಕಾನೂನು ಊಹಿಸುವುದಿಲ್ಲ. ವಿಮೆಯ ಹಣ ಕೇಳುವ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲಿಯೇ.

ನಿರ್ಣಾಯಕ ಪೂರ್ವಭಾವನೆಗಳು ವಿರಳ. ಅವನ್ನು ಬಹಳ ಗಟ್ಟಿಯಾದ ಊಹೆಗಳೆಂದು ತಿಳಿಯುವುದು ಸರಿಯಲ್ಲವೆಂದು ನನಗನಿಸುತ್ತದೆ, ಏಕೆಂದರೆ ಅಲ್ಲಿ ಕಾನೂನು ಸಂಭಾವ್ಯತೆಯನ್ನು ಅಳೆಯುವುದನ್ನು ಬಿಟ್ಟು ಯಾರೋ ಒಬ್ಬರ ರಕ್ಷಣೆಗೆ ನಿಂತಿರುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದ 116ನೆಯ ಕಲಮು (ಹಳೆಯದರ 112) ಮಗುವಿನ ರಕ್ಷಣೆಗೆ ನಿಂತಿದೆ. ಊರ್ಜಿತವಾದ ಮದುವೆ ಇರುವಾಗ, ಅಥವಾ ಅದು ರದ್ದಾಗಿ ತಾಯಿ ಮರುಮದುವೆಯಾಗದೆ ಇರುವಾಗ 280 ದಿನಗಳೊಳಗೆ ಹುಟ್ಟಿದ ಮಗು ಆ ಗಂಡನ ಔರಸ (ಕಾನೂನುಬದ್ಧ) ಸಂತಾನವೆಂಬುದು ನಿರ್ಣಾಯಕ. 1872ರಲ್ಲಿ ಇದನ್ನು ಮೊದಲು ಬರೆದಾಗ ಡಿಎನ್‌ಎ ಪರೀಕ್ಷೆ ಎಂಬುದೇ ಇರಲಿಲ್ಲ. ನ್ಯಾಯಾಲಯದ ಆದೇಶದಂತೆ ನಡೆದ ಪರೀಕ್ಷೆ ಗಂಡ ತಂದೆಯಲ್ಲವೆಂದು ತೋರಿಸಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ವಿಜ್ಞಾನದ ಮಾತನ್ನೇ ಎತ್ತಿಹಿಡಿಯಿತು. ಹಾಗೆಂದು ಕೇಳಿದವರಿಗೆಲ್ಲ ಪರೀಕ್ಷೆಗೆ ಆದೇಶ ಸಿಗುವುದಿಲ್ಲ. 2025ರ ಜನವರಿಯ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಗರ್ಭ ನಿಲ್ಲಬಹುದಾಗಿದ್ದ ಕಾಲದಲ್ಲಿ ದಂಪತಿಗೆ ಪರಸ್ಪರ ಸಂಪರ್ಕದ ಅವಕಾಶವೇ ಇರಲಿಲ್ಲವೆಂಬುದು ರುಜುವಾತಾಗದ ಹೊರತು ಔರಸತ್ವವೇ ಪಿತೃತ್ವವನ್ನು ನಿರ್ಧರಿಸುತ್ತದೆಂದು ಹೇಳಿದೆ. ಈ ಒಂದು ವಿನಾಯಿತಿ ಕಲಮಿನಲ್ಲಿಯೇ ಇದೆ; ಹೆಂಡತಿಗೆ ಬೇರೊಬ್ಬರ ಸಂಬಂಧವಿತ್ತೆಂಬ ಆರೋಪವಷ್ಟೇ ಅದಕ್ಕೆ ಸಾಲದು.